ಹದಿನಾರಡಿ ದೋಣಿಯ ನಾಲ್ಕಡಿ ಮೂತಿ

ದೋಣಿ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ತಮ್ಮ ದೋಣಿಗಳೂ ಅವನ್ನು ಹೊರುವ ಟ್ರೇಲರುಗಳೂ ತಮ್ಮ ವಿಶಾಲ ಗೋದಾಮಿನಲ್ಲಿ ಕೈಕಾಲು ಚಾಚಿಕೊಂಡು ಸುಖವಾಗಿವೆಯೆಂದು ನಂಬಿ, ಇಕ್ಕಟ್ಟಿನಲ್ಲಿರುವ ಗ್ರಾಹಕನೊಬ್ಬ ಸಲ್ಲಿಸುವ ಸವಿನಯ ವಂದನೆಗಳು.

ತಮ್ಮ ಮಾಹಿತಿ ಪುಸ್ತಿಕೆಯಲ್ಲಿ ದೋಣಿಯ ಉದ್ದ ಹದಿನಾರು ಅಡಿ ಎಂದು ದಪ್ಪಕ್ಷರದಲ್ಲಿತ್ತು. ದರ್ಜಿಯಾಗಿ ಮೂವತ್ತು ವರ್ಷ ಟೇಪು ಹಿಡಿದ ನಾನು ನಮ್ಮ ಗ್ಯಾರೇಜನ್ನು ಮೂರು ಸಲ ಅಳೆದು, ಹದಿನೆಂಟು ಅಡಿ ಇದೆಯೆಂದು ಖಾತ್ರಿಮಾಡಿಕೊಂಡೇ ನನ್ನಾಕೆಗೆ ಮಾತು ಕೊಟ್ಟೆ. ಆಸ್ಪತ್ರೆಯಲ್ಲಿ ದಾದಿಯಾಗಿರುವ ಆಕೆಗೆ ರಜೆಯ ದಿನವಾದರೂ ನೀರಿನ ನಡುವೆ, ಯಾರ ಕೂಗೂ ಮುಟ್ಟದ ಕಡೆ, ಸುಮ್ಮನೆ ಕೂತಿರಬೇಕೆಂಬುದು ಬಹುಕಾಲದ ಆಸೆ.

ಟ್ರೇಲರಿನ ಮುಂದೆ, ಕಾರಿಗೆ ಕೊಂಡಿ ಹಾಕಲು, ನಾಲ್ಕಡಿಯ ಕಬ್ಬಿಣದ ಮೂತಿಯೊಂದು ಇರುತ್ತದೆಂಬ ಸಂಗತಿಯನ್ನು ಪುಸ್ತಿಕೆಯಲ್ಲಿ ಹೇಳಿಬಿಡದೆ, ಅದು ಮನೆಬಾಗಿಲಿಗೆ ಬಂದ ದಿನ ನಾವೇ ಕಂಡು ಬೆರಗಾಗಲೆಂದು ಕಾದಿಟ್ಟ ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಫೋನಿನಲ್ಲಿ ವಿಚಾರಿಸಿದಾಗ, ಮೂತಿ ಟ್ರೇಲರಿನದೇ ಹೊರತು ದೋಣಿಯದಲ್ಲವೆಂದು ತಮ್ಮವರು ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ತಿಳಿಹೇಳಿದರು.

ಗಾರೆ ಕೆಲಸದ ನನ್ನ ಭಾವಮೈದುನ ಬಂದು, ಓರೆಯಾಗಿ ತೂರಿಸಿದರೆ ಹಿಡಿಸುತ್ತದೆಂದ. ಅವನು ಹೊರಗಿನಿಂದ ತಳ್ಳಿದ, ನಾನು ಒಳಗಿನಿಂದ ಎಳೆದೆ. ದೋಣಿ ಎರಡು ಗೋಡೆಗಳ ನಡುವೆ ಬೆಣೆಯಂತೆ ಕಚ್ಚಿಕೊಂಡಿತು. ಹಿಡಿಸಿತೇ ನೋಡೋಣವೆಂದು ಅವನು ಶಟರ್ ಎಳೆದ. ಅದು ದೋಣಿಯ ಹಿಂಬದಿಗೆ ಸಿಕ್ಕಿ, ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತು. ವಾಷಿಂಗ್ ಮಷೀನಿನ ಪಕ್ಕದ ಮೂಲೆಯಲ್ಲಿ ನಾನು ಸಿಕ್ಕಿಬಿದ್ದೆ. ಕೆಲಸ ಮುಗಿಸಿ ಬಂದ ನನ್ನಾಕೆ ಗಾಳಿಕಿಂಡಿಯಲ್ಲಿ ಇಣುಕಿ, "ಅಳತೆ ತಪ್ಪದ ಮನುಷ್ಯ ಅಂತ ಕಟ್ಕೊಂಡೆನಲ್ಲ ನಿಮ್ಮನ್ನ!" ಎಂದಷ್ಟೇ ಹೇಳಿ, ಒಂದು ಲೋಟ ಚಹಾ ಇಳಿಸಿದಳು.

ಕೊನೆಗೆ ಭಾವಮೈದುನ ಅಡುಗೆಮನೆಯ ಕಡೆಯ ಗೋಡೆ ಒಡೆದ. ಆ ತೂತಿನ ಮೂಲಕ ಮೊದಲು ನಾನು, ನನ್ನ ಬೆನ್ನಿಗೇ ತಮ್ಮ ಮೂತಿ, ಅಡುಗೆಮನೆ ಪ್ರವೇಶಿಸಿದೆವು. ಈಗ ಶಟರ್ ಸಲೀಸಾಗಿ ಮುಚ್ಚುತ್ತದೆ. ಕೈ ಒರೆಸುವ ಬಟ್ಟೆ ಒಣಹಾಕಲು ಆ ಮೂತಿಯಷ್ಟು ಗಟ್ಟಿಯಾದ ಕಂಬಿ ನಮ್ಮ ಬೀದಿಯಲ್ಲೇ ಇನ್ನೊಬ್ಬರ ಮನೆಯಲ್ಲಿಲ್ಲ.

ಆದರೆ ಹೊರಗೆಳೆದರೆ ಮತ್ತೆ ಒಳಸೇರೀತೆಂಬ ಭರವಸೆ ಯಾರಿಗೂ ಇಲ್ಲದ್ದರಿಂದ ದೋಣಿ ಇಂದಿಗೂ ನೀರು ಕಂಡಿಲ್ಲ. ರಜೆಯ ದಿನ ನನ್ನಾಕೆ ಶಟರ್ ಮುಚ್ಚಿ, ದೋಣಿ ಹತ್ತಿ, ಕಾಲು ಚಾಚಿ ಕೂರುತ್ತಾಳೆ. ಆಸ್ಪತ್ರೆಯಿಂದ ಕರೆ ಬಂದರೆ, ನೀರಿನ ಮಧ್ಯೆ ಇದ್ದಾಳೆಂದು ನಾನು ಹೇಳಬೇಕು, ಹೇಳುತ್ತೇನೆ. ಇಷ್ಟು ನೆಮ್ಮದಿಯಾಗಿ ಆಕೆಯನ್ನು ನಾನು ಕಂಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತಿದೆ.

ಆದ್ದರಿಂದ ನಾನು ಸುಳ್ಳುಗಾರನಾಗದಂತೆ, ನಮ್ಮ ಗ್ಯಾರೇಜಿಗೆ ಹಿಡಿಸುವ ಸಣ್ಣ ಕೆರೆಯೊಂದನ್ನು ದಯಮಾಡಿ ಕಳುಹಿಸಿಕೊಡಬೇಕು. ಅದರ ಉದ್ದ ಬರೆಯುವಾಗ ದಡವನ್ನೂ ಸೇರಿಸಬೇಕಾಗಿ ಪ್ರಾರ್ಥನೆ.

ಗೋಡೆ ಹೋದರೂ ನಂಬಿಕೆ ಬಿಡದ
ತಮ್ಮ ವಿಶ್ವಾಸಿ

ತಾ.ಕ.: ನಮ್ಮ ಎದುರುಮನೆಯ ವಕೀಲರು ನಮ್ಮ ದೋಣಿಗೆ ಮನಸೋತು ಮೊನ್ನೆ ಅಂಥದೇ ಒಂದಕ್ಕೆ ಆರ್ಡರ್ ಕೊಟ್ಟಿದ್ದಾರೆ. ಅವರ ಗ್ಯಾರೇಜು ನಮ್ಮದಕ್ಕಿಂತ ಒಂದಡಿ ಚಿಕ್ಕದು. ಅವರಿಗೆ ನನ್ನಂತೆ ಪತ್ರ ಬರೆಯುವ ಅಭ್ಯಾಸವಿಲ್ಲ. ನೇರವಾಗಿ ನೋಟೀಸು ಕಳುಹಿಸುತ್ತಾರೆ.