ಕುರಿಗಳ ನಡುವೆ ಶಾಲೆಗೆ ಹೋದ ನಲವತ್ತೊಂದು ಮಕ್ಕಳ ಪರವಾಗಿ

ಮಾನ್ಯ ರಸ್ತೆ ಅಧಿಕಾರಿಗಳವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕಚೇರಿಯೂ, ತಮ್ಮ ಮೇಜಿನ ಮೇಲೆ ಆರು ತಿಂಗಳಿನಿಂದ ವಿಶ್ರಾಂತಿ ಪಡೆಯುತ್ತಿರುವ ನಮ್ಮ ಅರ್ಜಿಯೂ ಕ್ಷೇಮವಾಗಿರಬಹುದೆಂದು ನಂಬಿದ್ದೇನೆ. ಔರಾದ ತಾಲ್ಲೂಕಿನ ಹುಣಸವಾಡಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯೂ, ದಿನಾಲು ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಹೋಗುವವಳೂ ಆದ ಸರಿತಾ ಎಂಬ ನಾನು ತಮಗೆ ನಮಸ್ಕರಿಸಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಹೆಸರು ಬರೆಯದೆ ಬರೀ ಹುದ್ದೆಯನ್ನು ಸಂಬೋಧಿಸಿದ್ದಕ್ಕೆ ಬೇಸರಪಡಬಾರದು. ನಮ್ಮ ಮೊದಲ ಅರ್ಜಿಯ ಕಾಲಕ್ಕೆ ಇದ್ದ ಸಾಹೇಬರು ಎರಡನೆಯದರ ಕಾಲಕ್ಕೆ ಇರಲಿಲ್ಲ, ಎರಡನೆಯವರು ಮೂರನೆಯದನ್ನು ನೋಡಲಿಲ್ಲ, ಹಾಗಾಗಿ ಈ ಪತ್ರ ತಲುಪುವ ಹೊತ್ತಿಗೆ ತಾವು ತಾವಾಗಿಯೇ ಇರುತ್ತೀರೆಂಬ ಭರವಸೆ ನನಗಿಲ್ಲ.

ಮೊದಲಿಗೆ ಅಭಿನಂದನೆ. ಕಳೆದ ಬೇಸಿಗೆಯಲ್ಲಿ ತಾವು ಮಾಡಿಸಿದ ರಸ್ತೆ ಎಷ್ಟು ಚೆಂದವಾಗಿದೆಯೆಂದರೆ, ಅದರ ಮೇಲೆ ಬರುವವರಿಗೆ ನಮ್ಮ ಊರು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಊರು ರಸ್ತೆಯ ಈಚೆಗಿದೆ, ಶಾಲೆ ಆಚೆಗಿದೆ. ಅಜ್ಜಂದಿರ ಕಾಲದಲ್ಲಿ ಶಾಲೆಗೆ ಜಾಗ ದಾನ ಮಾಡಿದ ಪುಣ್ಯಾತ್ಮರಿಗೆ, ಮುಂದೊಂದು ದಿನ ಇಲ್ಲಿ ಗಂಟೆಗೆ ನೂರು ಕಿಲೋಮೀಟರು ಓಡುವ ಗಾಡಿಗಳು ಬರುತ್ತವೆ ಎಂಬ ದೂರದೃಷ್ಟಿ ಇರಲಿಲ್ಲ. ಅವರ ಪರವಾಗಿ ನಾನು ತಮ್ಮ ಕ್ಷಮೆ ಕೇಳುತ್ತೇನೆ. ಒಂದರಿಂದ ಐದನೇ ತರಗತಿಯವರೆಗೆ ನಮ್ಮಲ್ಲಿ ನಲವತ್ತೊಂದು ಮಕ್ಕಳಿದ್ದಾರೆ, ಅವರಲ್ಲಿ ಒಬ್ಬರಿಗೂ ಇನ್ನೂ ಹಾರಲು ಬರುವುದಿಲ್ಲ.

ಜುಲೈ ತಿಂಗಳಲ್ಲಿ ಎರಡನೇ ತರಗತಿಯ ಇರಮ ಎಂಬ ಹುಡುಗಿಗೆ ಒಂದು ಟೆಂಪೋ ಬಡಿಯಿತು. ಆಕೆ ನಮ್ಮ ಊರಿನ ದರ್ಜಿ ಶರಫೋದ್ದೀನ ಅವರ ಕಿರಿಯ ಮಗಳು. ಶಾಲೆಯ ಗೇಟಿನಲ್ಲಿ ನಿಂತಿದ್ದ ನನ್ನ ಕಣ್ಣೆದುರಿಗೇ ಆ ಹುಡುಗಿ ರಸ್ತೆಯ ಬದಿಗೆ ಬಿದ್ದಳು, ಅವಳ ಪಾಟಿಚೀಲ ಮಾತ್ರ ನನ್ನ ಕಾಲ ಹತ್ತಿರ ಬಂದು ಬಿತ್ತು. ಟೆಂಪೋದವನು ಓಡಿಹೋಗಲಿಲ್ಲ, ತಾನೇ ಅವಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ ಬೀದರಕ್ಕೆ ಒಯ್ದ, ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಒಂದೇ ಮಾತು ಹೇಳುತ್ತಿದ್ದಳು: “ನಾ ಎರಡೂ ಕಡಿ ನೋಡೀನ್ರಿ ಮೇಡಮ್. ಖರೇನೇ ನೋಡೀನ್ರಿ.” ರಸ್ತೆ ದಾಟುವ ಮುಂಚೆ ಬಲಕ್ಕೂ ಎಡಕ್ಕೂ ನೋಡಬೇಕೆಂದು ಕಲಿಸಿದವಳು ನಾನೇ. ಬಲಕ್ಕೆ ನೋಡಿ ಎಡಕ್ಕೆ ತಿರುಗುವಷ್ಟರಲ್ಲಿ ಬಲಗಡೆ ಹೊಸದೊಂದು ಗಾಡಿ ಬಂದುಬಿಡುತ್ತದೆ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಎಡಗಾಲಿನ ಎಲುಬು ಮುರಿದಿತ್ತು, ಎರಡು ತಿಂಗಳು ಪ್ಲಾಸ್ಟರ್ ಇತ್ತು.

ಅದೇ ವಾರ ಶಾಲೆಯ ಎರಡೂ ಬದಿಗೆ ಒಂದೊಂದು ಸ್ಪೀಡ್ ಬ್ರೇಕರ್, ಒಂದು ಎಚ್ಚರಿಕೆಯ ಫಲಕ, ನಾಲ್ಕು ಬಿಳಿ ಪಟ್ಟಿ, ಇಷ್ಟನ್ನು ಕೋರಿ ತಮಗೆ ಅರ್ಜಿ ಕೊಟ್ಟೆವು. ತಮ್ಮ ಉತ್ತರ ಸೆಪ್ಟೆಂಬರಿನಲ್ಲಿ ಬಂತು: ಸದರಿ ಸ್ಥಳದಲ್ಲಿ ದಾಖಲಾದ ಅಪಘಾತಗಳು ಸಾಕಷ್ಟು ಇಲ್ಲದಿರುವುದರಿಂದ ಕೋರಿಕೆಯನ್ನು ಸದ್ಯಕ್ಕೆ ಪರಿಗಣಿಸಲಾಗದು. ಈ ಕೊರತೆಗೆ ನಾವೇ ಹೊಣೆಗಾರರು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ನಡೆದಿದ್ದ ಒಂದೇ ಒಂದು ಅಪಘಾತವನ್ನೂ ಶರಫೋದ್ದೀನ ಪೊಲೀಸರಲ್ಲಿ ದಾಖಲಿಸಿರಲಿಲ್ಲ. ಯಾಕೆಂದು ಕೇಳಿದರೆ ಅವರು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಹೇಳಿದರು: “ಅಂವಾ ನನ್ನ ಮಗಳಿಗಿ ತಾನೇ ಎತ್ಕೊಂಡು ದವಾಖಾನಿಗಿ ಒಯ್ದಾನ್ರಿ, ಮೂರು ದಿನ ಬಂದು ನೋಡ್ಯಾನ. ಅಂಥವನ ಮ್ಯಾಲ ಕೇಸ್ ಹ್ಯಾಂಗ ಮಾಡ್ಲಿ?” ಅಂದಹಾಗೆ ತಮ್ಮ ಪತ್ರದಲ್ಲಿ ‘ಪ್ರಾಥಮಿಕ’ ಎಂಬ ಶಬ್ದ ಮೂರು ಕಡೆ ‘ಪ್ರಾಥಮೀಕ’ ಎಂದಾಗಿದೆ, ಕೆಂಪು ಪೆನ್ನಿನಿಂದ ತಿದ್ದಿ ಇದರ ಜೊತೆಗೆ ಕಳಿಸಿದ್ದೇನೆ.

ಮಕ್ಕಳನ್ನು ದಾಟಿಸಲು ನಾವು ಮಾಡದ ಉಪಾಯವಿಲ್ಲ. ಸೀಟಿ ಊದಿದೆವು, ಗಾಡಿಯವರು ಹಾರ್ನ್ ಊದಿದರು. ತಾಯಂದಿರು ಕೈ ಕೈ ಹಿಡಿದು ನಿಂತರು, ಗಾಡಿಗಳು ಅವರನ್ನು ಸುತ್ತಿ ಹೋದವು. ಒಬ್ಬೊಬ್ಬರೇ ತಂದೆಯರು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಶುರುಮಾಡಿದರು. ಒಂದು ಸೋಮವಾರ ನನ್ನ ಹಾಜರಿ ಪುಸ್ತಕದಲ್ಲಿ ಹದಿನೇಳೇ ಹೆಸರಿನ ಮುಂದೆ ಗುರುತು ಬಿತ್ತು.

ಆ ಸೋಮವಾರವೇ ಇರಮಳ ಅಕ್ಕ, ಐದನೇ ತರಗತಿಯ ತಹಮೀನಾ, ತಮ್ಮ ಇಲಾಖೆಯ ಯಾವ ತಜ್ಞರಿಗೂ ಹೊಳೆಯದ ಸಂಗತಿಯೊಂದನ್ನು ಕಂಡಳು. ನಮ್ಮ ಊರಿನ ಕುರುಬರ ಮಡೆಪ್ಪ ತಮ್ಮ ಎಂಬತ್ತು ಕುರಿಗಳನ್ನು ಹೊಡೆದುಕೊಂಡು ರಸ್ತೆ ದಾಟುತ್ತಿದ್ದರು. ಔರಾದ ಬಸ್ಸು ನಿಂತಿತು. ಸೋಯಾ ತುಂಬಿದ ಎರಡು ಲಾರಿ ನಿಂತವು. ಬಿಳಿ ಕಾರೊಂದು ನಿಂತು, ಅದರ ಯಜಮಾನರು ಎಂಜಿನ್ ಆರಿಸಿ ಕೆಳಗಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡರು. ಒಬ್ಬರೂ ಹಾರ್ನ್ ಹಾಕಲಿಲ್ಲ. ತಹಮೀನಾ ಓಡಿಹೋಗಿ ಕುರಿಗಳ ನಡುವೆ ಸೇರಿಕೊಂಡು ಶಾಲೆಗೆ ಬಂದಳು. ಬಂದವಳೇ ನನ್ನನ್ನು ಕೇಳಿದಳು: “ಮೇಡಮ್, ಕುರಿಗಿ ನಿಂದರ್ತಾರ, ನಮಗ್ಯಾಕ ನಿಂದ್ರಲ್ರಿ?” ಈ ಪ್ರಶ್ನೆಯನ್ನು ಗೃಹಪಾಠವಾಗಿ ತಮಗೆ ಕೊಡುತ್ತಿದ್ದೇನೆ.

ಸಂಜೆ ನಾನೇ ಮಡೆಪ್ಪನವರ ಹಟ್ಟಿಗೆ ಹೋಗಿ, ದಿನಾಲು ಒಂಬತ್ತೂವರೆಗೂ ನಾಲ್ಕೂ ಇಪ್ಪತ್ತಕ್ಕೂ ಕುರಿ ದಾಟಿಸಲು ಆಗುತ್ತದೆಯೇ ಎಂದು ಕೇಳಿದೆ. ಕುರಿ ಮೇಯಿಸುವವರಿಗೆ ಗಡಿಯಾರದ ಕೆಲಸ ಹೇಳುವುದು ಸಣ್ಣ ಮಾತಲ್ಲ; ಮೇವು ಚೆನ್ನಾಗಿರುವ ಹೊತ್ತಿಗೆ ಅವರು ಮಂದೆಯನ್ನು ತಿರುಗಿಸಿಕೊಂಡು ಬರಬೇಕಾಗಿತ್ತು. ಮಡೆಪ್ಪ, “ಆಗಲೇಳ್ರಿ ಸರಿತಾಬಾಯಿ. ಎಂಬತ್ತು ಎಣಸ್ತೇನಿ, ಇನ್ನೊಂದು ನಲವತ್ತು ಎಣಸೂದು ಭಾರ ಅಲ್ಲ” ಎಂದರು. ಮರುದಿನದಿಂದ ಅವರು ಹಾಗೆಯೇ ಎಣಿಸಿದರು, ಆಚೆ ದಡ ಮುಟ್ಟಿದ ಮೇಲೆ ಮೊದಲು ಮಕ್ಕಳನ್ನು, ಆಮೇಲೆ ಕುರಿಗಳನ್ನು.

ಮಾನ್ಯರೇ, ಮೂರು ತಿಂಗಳು ನಮ್ಮ ಮಕ್ಕಳು ಹೀಗೆಯೇ ಶಾಲೆಗೆ ಬಂದರು. ಹಾಜರಿ ನಲವತ್ತೊಂದಕ್ಕೆ ಏರಿತು. ತರಗತಿಯಲ್ಲಿ ಕುರಿಯ ವಾಸನೆ ಬರುತ್ತಿತ್ತು ನಿಜ, ಒಮ್ಮೆ ಒಂದು ಮರಿ ಮಗ್ಗಿ ಹೇಳುವ ಹೊತ್ತಿಗೆ ಒಳಬಂದು ಕೊನೆಯ ಸಾಲಿನಲ್ಲಿ ಕೂತದ್ದೂ ನಿಜ. ಪ್ಲಾಸ್ಟರ್ ಬಿಚ್ಚಿದ ಮೇಲೆ ಇರಮ ಶಾಲೆಗೆ ಮರಳಿದ್ದೂ ಕುರಿಗಳ ನಡುವೆಯೇ; ಕಾಲು ಇನ್ನೂ ಗಟ್ಟಿಯಾಗಿರದ ಆ ಹುಡುಗಿ ಒಂದು ಕರಿಯ ಕುರಿಯ ಬೆನ್ನ ಮೇಲೆ ಕೈಯಿಟ್ಟು, ಅದು ನಡೆದಷ್ಟೇ ನಿಧಾನವಾಗಿ ನಡೆದು ಬಂದಳು. ಗಾಡಿಗಳೆಲ್ಲ ಕಾದು ನಿಂತಿದ್ದವು.

ನಮ್ಮ ಎರಡನೆಯ ಅರ್ಜಿಯ ಮೇರೆಗೆ ನವೆಂಬರಿನಲ್ಲಿ ತಾವು ಕಳಿಸಿದ ಎಂಜಿನಿಯರ್ ಸಾಹೇಬರ ಸೌಜನ್ಯವನ್ನು ನಾವು ಮರೆಯುವಂತಿಲ್ಲ. ವೇಗ ಅಳೆಯುವ ಯಂತ್ರ ಹಿಡಿದು ಊರ ಬದಿಗೆ ಇಳಿದ ಅವರು, ಶಾಲೆಯ ಕಡೆಗೆ ಬರಲೆಂದು ಕಾಲು ಗಂಟೆ ಪ್ರಯತ್ನಿಸಿದರು. ಮೂರು ಸಲ ಹೆಜ್ಜೆ ಇಟ್ಟು ಮೂರು ಸಲ ಹಿಂದೆ ಸರಿದರು. ಕೊನೆಗೆ ಮಡೆಪ್ಪ, “ಬರ್ರಿ ಸಾಹೇಬರ, ನಮ್ಮ ಸಂಗಟ ಬರ್ರಿ” ಎಂದು ಕರೆದು, ಅವರನ್ನು ಎರಡು ಟಗರುಗಳ ನಡುವೆ ಸುರಕ್ಷಿತವಾಗಿ ದಾಟಿಸಿದರು. ಆಚೆ ಬಂದವರೇ ಸಾಹೇಬರು ಯಂತ್ರವನ್ನು ಗಾಡಿಗಳ ಕಡೆಗೆ ಹಿಡಿದರು. ಕುರಿಗಳು ಇನ್ನೂ ರಸ್ತೆಯ ಮೇಲಿದ್ದವು, ಗಾಡಿಗಳೆಲ್ಲ ನಿಂತಿದ್ದವು, ಯಂತ್ರ ಸೊನ್ನೆ ತೋರಿಸಿತು. “ಮೇಡಮ್, ಇಲ್ಲಿ ಸ್ಪೀಡೇ ಇಲ್ಲಲ್ರಿ!” ಎಂದು ಅವರು ಸಂತೋಷಪಟ್ಟರು. ನಾನು ವಿವರಿಸಲು ಹೋದೆ, ಅಷ್ಟರಲ್ಲಿ ಅವರು ಬರೆದುಕೊಂಡಾಗಿತ್ತು.

ಹದಿನೈದು ದಿನಗಳಲ್ಲಿ ತಮ್ಮಿಂದ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದರಲ್ಲಿ, ಸದರಿ ಸ್ಥಳದಲ್ಲಿ ವಾಹನಗಳ ವೇಗ ತೃಪ್ತಿಕರವಾಗಿ ಕಡಿಮೆ ಇದ್ದು ಬ್ರೇಕರಿನ ಅವಶ್ಯಕತೆ ಕಂಡುಬಂದಿಲ್ಲ ಎಂದಿತ್ತು. ಇನ್ನೊಂದರಲ್ಲಿ, ಮಡೆಪ್ಪ ಎಂಬುವರ ಕುರಿಗಳಿಂದ ವಾಹನಗಳ ವೇಗಕ್ಕೆ ಧಕ್ಕೆಯಾಗುತ್ತಿದೆ, ಇದನ್ನು ಕೂಡಲೇ ನಿಲ್ಲಿಸತಕ್ಕದ್ದು ಎಂದಿತ್ತು. ಒಂದೇ ದಿನ, ಒಂದೇ ಸಹಿ. ಎರಡೂ ಕಾಗದಗಳು ಅಷ್ಟು ದೂರ ಜಗಳವಾಡದೆ ಒಂದೇ ಲಕೋಟೆಯಲ್ಲಿ ಬಂದದ್ದು ತಮ್ಮ ಆಡಳಿತದ ಹೆಚ್ಚುಗಾರಿಕೆ. ಆಮೇಲೆ ಕೊಟ್ಟ ನಮ್ಮ ಮೂರನೆಯ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಮಡೆಪ್ಪ ನೋಟೀಸಿಗೆ ಹೆದರಲಿಲ್ಲ. ಆದರೆ ಡಿಸೆಂಬರ್ ಬಂದಿತ್ತು, ಊರ ಸುತ್ತ ಹುಲ್ಲು ಮುಗಿದಿತ್ತು. ಪ್ರತಿವರ್ಷ ಈ ಹೊತ್ತಿಗೆ ಅವರು ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬಲು ಕಮಠಾಣದ ಕಡೆಗೆ ಹೊರಟಿರುತ್ತಿದ್ದರು. ಈ ಸಲ ಮೂರು ವಾರ ತಡೆದರು. ಅವರ ಹೆಂಡತಿ ಜನಾಬಾಯಿ ಒಂದು ದಿನ ಶಾಲೆಗೆ ಬಂದು, ನನ್ನ ಮುಖ ನೋಡದೆ, “ಕುರಿ ಸೊರಗ್ಲಾಕತ್ತಾವ್ರಿ ಸರಿತಾಬಾಯಿ. ಇವರಿಗಿ ನಿಮಗ ಹೇಳಲಾಕ ಬಾಯಿ ಬರವಲ್ದು” ಎಂದರು. ನಾನೇ ಹೋಗಿ ಮಡೆಪ್ಪನವರಿಗೆ ಹೊರಡಲು ಹೇಳಿದೆ. ಅವರು ಹೋದ ಮರುದಿನ ಬೆಳಿಗ್ಗೆ ಮಕ್ಕಳು ಊರ ಬದಿಯಲ್ಲಿ ಸಾಲಾಗಿ ನಿಂತಿದ್ದರು, ನಾನು ಶಾಲೆಯ ಬದಿಯಲ್ಲಿ ನಿಂತಿದ್ದೆ. ನಡುವೆ ತಮ್ಮ ರಸ್ತೆ ಇತ್ತು. ಪ್ರಾರ್ಥನೆಯ ಗಂಟೆಯಾಗಿ ಅರ್ಧ ತಾಸಾದರೂ ಅವರು ಅಲ್ಲಿಯೇ, ನಾನು ಇಲ್ಲಿಯೇ. ಕೊನೆಗೆ ನಾನು ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತೆ. ಲಾರಿಯೊಂದು ನನ್ನ ಸೆರಗಿಗೆ ಗಾಳಿ ಹಾಕಿ ಹೋಯಿತು. ಅದರ ಹಿಂದಿನ ಗಾಡಿ ನಿಂತ ಮೇಲೆಯೇ ಮಕ್ಕಳು ದಾಟಿದರು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮಹಮೂದಾ ಬೇಗಂ ಇದನ್ನೆಲ್ಲ ಅಡುಗೆ ಕೋಣೆಯ ಬಾಗಿಲಿನಿಂದ ನೋಡಿದರು. ಅವರು ಇರಮಳ ಅಜ್ಜಿ. ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ, ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಹೊರಟರು. “ಅರ್ಜಿ ಬರದದ್ದು ಸಾಕು ಬೇಟಿ. ನೀ ಮಕ್ಕಳಿಗಿ ಓದಸು, ಇದು ನಾ ನೋಡ್ಕೋತೇನಿ” ಎಂದರು. ಇಪ್ಪತ್ತು ಹೆಂಗಸರು ಸೇರಿ ಶಾಲೆಯ ಎರಡೂ ಬದಿಗೆ ಮುರುಮು ಮಣ್ಣು ಸುರಿದು, ನೀರು ಹೊಯ್ದು, ತುಳಿದು, ಸಂಜೆಯೊಳಗೆ ಎರಡು ಬ್ರೇಕರ್ ಕಟ್ಟಿದರು. ಔರಾದ ಬಸ್ಸು ಅದರ ಮೇಲೆ ಎಮ್ಮೆಯಂತೆ ನಿಧಾನಕ್ಕೆ ಹತ್ತಿ ಇಳಿಯಿತು.

ಬ್ರೇಕರ್ ಹಾಕಲು ಬರದ ತಮ್ಮ ಇಲಾಖೆ, ಅದನ್ನು ತೆಗೆಯಲು ಮೂರನೆಯ ದಿನವೇ ಬಂತು. ಈ ಚುರುಕುತನಕ್ಕೆ ಊರಿನವರೆಲ್ಲ ಬೆರಗಾದೆವು. ಜೆಸಿಬಿಯ ಚಾಲಕರ ಹೆಸರನ್ನು ನಾನು ಕೇಳಲಿಲ್ಲ, ಕೇಳಿದ್ದರೂ ಮರೆತಿದ್ದೇನೆ. “ಸಪಾಟ ಮಾಡಿ ಬಾ ಅಂತ ಹೇಳ್ಯಾರ್ರಿ, ನಾ ಏನ್ ಮಾಡ್ಲಿ?” ಎಂದು ಅವರು ಹೆಂಗಸರ ಮುಂದೆ ಕೈ ಮುಗಿದರು. ಮಹಮೂದಾ ಬೇಗಂ, “ನಿನ್ನ ಕೆಲಸ ನೀ ಮಾಡು ಬೇಟಾ. ಮೊದಲ ಉಣ್ಣು” ಎಂದು ಅನ್ನ ಸಾರು ಬಡಿಸಿದರು. ಉಂಡು, ಕೈ ತೊಳೆದು, ಅವರು ಎರಡೂ ಬ್ರೇಕರ್‌ಗಳನ್ನು ಕೆರೆದು ಸಪಾಟ ಮಾಡಿದರು. ಅಷ್ಟರಲ್ಲಿ ಶಾಲೆ ಬಿಟ್ಟಿತು.

ಮಕ್ಕಳು ರಸ್ತೆಯ ಅಂಚಿಗೆ ಬಂದು ನಿಂತರು. ಇರಮ ಒಂದು ಹೆಜ್ಜೆ ಮುಂದಿಟ್ಟಳು. ಕಾರೊಂದು ಬಂತು, ತಹಮೀನಾ ತಂಗಿಯ ರಟ್ಟೆ ಹಿಡಿದು ಹಿಂದಕ್ಕೆಳೆದಳು, ಇರಮಳ ಮುರಿದಿದ್ದ ಕಾಲು ಮಡಚಿ ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದರು. ಕಾರು ಆಗಲೇ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಚಾಲಕರು ಯಂತ್ರದ ಗಾಲಿಗೆ ಒರಗಿ ನಿಂತವರು, “ದಿನಾ ಹಿಂಗೇ ಏನ್ರಿ?” ಎಂದು ಕೇಳಿದರು. ದಿನಾ ಹೀಗೆಯೇ ಎಂದೆ. ಅವರು ಮತ್ತೆ ಯಂತ್ರ ಹತ್ತಿ, ಅದನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿದರು. ಗಾಡಿಗಳು ನಿಂತವು, ಮಕ್ಕಳು ದಾಟಿದರು. ಕೊನೆಯ ಮಗು ಆಚೆ ಸೇರಿದ ಮೇಲೆ ಅವರು ಶಾಲೆಯ ಎರಡೂ ಬದಿಗೆ, ಈ ಅಂಚಿನಿಂದ ಆ ಅಂಚಿನವರೆಗೆ, ತಾವು ಹಾಕಿಸಿದ ನುಣುಪಾದ ಡಾಂಬರನ್ನು ಒಂದು ಗೇಣು ಆಳಕ್ಕೆ ಕೆದರಿದರು. ಇಳಿದು ಬಂದು ನನ್ನ ಮುಖ ನೋಡದೆ, “ಅಳತಿ ತಪ್ತ್ರಿ ಮೇಡಮ್. ಮಷೀನ್ ಹೊಸಾದದ” ಎಂದು ಹೊರಟುಹೋದರು. ಮನುಷ್ಯರಿಗೆ ಅಳತೆ ತಪ್ಪುವುದು ಸಹಜ.

ಅಂದಿನಿಂದ ಎಲ್ಲ ಗಾಡಿಗಳೂ ನಮ್ಮ ಶಾಲೆಯ ಮುಂದೆ ನಡೆದುಕೊಂಡು ಹೋಗುವಷ್ಟು ನಿಧಾನವಾಗಿ ಹೋಗುತ್ತಿವೆ. ಆದರೆ ತಗ್ಗು ಎಂಬುದು ಸುರಕ್ಷತೆಯಲ್ಲ ಎಂದು ನನಗೆ ಗೊತ್ತು. ಮೋಟಾರ್ ಸೈಕಲ್ಲಿನ ಮೇಲೆ ಬರುವವರೂ ಯಾರದೋ ಮಕ್ಕಳೇ. ಅದಕ್ಕಾಗಿ ಎರಡೂ ಕಡೆ ಸುಣ್ಣ ಬಳಿದ ಕಲ್ಲು ಇಟ್ಟಿದ್ದೇವೆ, ಶರಫೋದ್ದೀನ ಕೆಂಪು ಬಾವುಟ ಹೊಲಿದು ಕೊಟ್ಟಿದ್ದಾರೆ, ತಂದೆತಾಯಿಗಳು ಪಾಳಿಯ ಮೇಲೆ ನಿಲ್ಲುತ್ತಾರೆ. ತಗ್ಗು ಮುಚ್ಚುವುದಾದರೆ ಅದೇ ದಿನ, ಅದೇ ಕೈಯಿಂದ, ನಿಯಮದ ಪ್ರಕಾರ ಎರಡು ಬ್ರೇಕರ್, ಒಂದು ಫಲಕ, ನಾಲ್ಕು ಬಿಳಿ ಪಟ್ಟಿ ಹಾಕಿಸಿಕೊಡಬೇಕು. ಇದು ಸಾಧ್ಯವಿಲ್ಲವಾದರೆ ಎಂಬತ್ತು ಕುರಿಗಳನ್ನು ಖಾಯಂ ಹುದ್ದೆಯ ಮೇಲೆ ನಮ್ಮ ಶಾಲೆಗೆ ನೇಮಿಸಬೇಕು. ವರ್ಗಾವಣೆ ಮಾತ್ರ ಮಾಡಬಾರದು. ಅದೂ ಆಗದಿದ್ದರೆ ತಾವೊಮ್ಮೆ ನಾಲ್ಕೂ ಇಪ್ಪತ್ತಕ್ಕೆ ಬಂದು, ಏಳು ವರ್ಷದ ಮಗುವಿನ ಕೈ ಹಿಡಿದು, ಎರಡೂ ಕಡೆ ನೋಡಿ, ರಸ್ತೆ ದಾಟಿ ತೋರಿಸಬೇಕು. ನಾವು ಕಲಿತುಕೊಳ್ಳುತ್ತೇವೆ.

ರಸ್ತೆಯ ಆಚೆ ದಡದಿಂದ,
ತಮ್ಮ ವಿಶ್ವಾಸಿ,
ಸರಿತಾ
ಮುಖ್ಯ ಶಿಕ್ಷಕಿ, ಹುಣಸವಾಡಿ

ತಾಜಾ ಕಲಂ: ಈ ಪತ್ರ ಮುಗಿಸುವಾಗ ತಮ್ಮ ಕಚೇರಿಯಿಂದ ಇನ್ನೊಂದು ಕಾಗದ ಬಂತು; ರಸ್ತೆ ಕೆದರಿ ಸರಕಾರಿ ಆಸ್ತಿಗೆ ಹಾನಿ ಮಾಡಿದವರು ಯಾರು ಎಂದು ಏಳು ದಿನದೊಳಗೆ ತಿಳಿಸಬೇಕಂತೆ. ಕೆದರಿದ ಯಂತ್ರದ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ತಮ್ಮ ಇಲಾಖೆಯ ಹೆಸರು ಬರೆದಿತ್ತು. ತಹಮೀನಾ ಅದನ್ನು ಒಂದು ಒತ್ತಕ್ಷರವೂ ತಪ್ಪದೆ ಊರೆಲ್ಲ ಕೇಳುವಂತೆ ಓದಿದ್ದಾಳೆ. ಓದಲು ಕಲಿಸಿದ ತಪ್ಪು ನನ್ನದು, ಕ್ಷಮಿಸಬೇಕು.