ಹಿಂದಿನಿಂದ ನೋಡಿದ ಸಿನೆಮಾ

ಅಳಬೇಕಾದ ಹೊತ್ತಿಗೆ ಅಳು ಬಾರದವರ ಫಜೀತಿ ಅನುಭವಿಸಿದವರಿಗೇ ಗೊತ್ತು. ಅವ್ವ ತೀರಿಕೊಂಡಾಗ ನನಗೆ ಹದಿನೇಳು. ಬಂದ ಹೆಂಗಸರೆಲ್ಲ ನನ್ನನ್ನು ತಬ್ಬಿಕೊಂಡು ಅಳುತ್ತಿದ್ದರೆ, ನಾನು ಅವರ ಸೆರಗಿನ ನಶ್ಯದ ಘಾಟಿಗೆ ಸೀನು ಬಾರದಿರಲಪ್ಪಾ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ. "ಹುಡಿಗಿ ಎದಿ ಗಟ್ಟಿ ಅದ ಬಿಡ್ರಿ" ಎಂದು ಒಬ್ಬಾಕೆ ಹೊಗಳಿದಳೋ ಬೈದಳೋ ಇವತ್ತಿಗೂ ತಿಳಿದಿಲ್ಲ. ಅವ್ವನ ಮೇಲೆ ನನಗೆ ಪ್ರೀತಿಯೇ ಇರಲಿಲ್ಲವೇನೋ ಎಂಬ ಭಯ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಆಗ ನಾವಿದ್ದದ್ದು ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ. ಕಾಲುವೆಯ ಗೇಟು ಏರಿಸಿ ಇಳಿಸುವುದು ಅಪ್ಪನ ಕೆಲಸ. ತಿಂಗಳಿಗೊಮ್ಮೆ ಕ್ಯಾಂಪಿನ ಬಯಲಿನಲ್ಲಿ ಎರಡು ಕಂಬಗಳ ನಡುವೆ ಬಿಳಿ ಪರದೆ ಕಟ್ಟಿ ಸಿನೆಮಾ ತೋರಿಸುತ್ತಿದ್ದರು. ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು. ತೆಳು ಪರದೆಯಾದ್ದರಿಂದ ಚಿತ್ರ ಎರಡೂ ಕಡೆ ಕಾಣುತ್ತಿತ್ತು. ಅವ್ವ ಹೋಗಿ ಐದು ತಿಂಗಳಿಗೆ ಒಂದು ನಗೆಯ ಸಿನೆಮಾ ಬಂತು. ತಾಯಿಯಿಲ್ಲದ ಹುಡುಗಿಯೊಬ್ಬಳು ಮನೆ ನಡೆಸಲು ಹೋಗಿ ಪಡುವ ಪಾಡು ಅದರ ಕಥೆ. ಅಪ್ಪ, "ವರ್ಷ ತುಂಬೋತನಾ ಸಿನಿಮಾ ಗಿನಿಮಾ ಇಲ್ಲ" ಎಂದು ಹೇಳಿ ಗೇಟಿನ ಕಡೆ ಹೋದ. ಅವ್ವನ ಅವ್ವ, ಕೊಂಕಲ್ಲಿನಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ವಕೀಲರನ್ನೂ ಮೀರಿಸುವಾಕೆ. "ಮುಂದ ಕುಂತು ನೋಡಿದ್ರ ಸಿನಿಮಾ. ನಾವು ಹೆಣ್ಮಕ್ಕಳು ಹಿಂದ ಕುಂತು ನೋಡೋದು ಬರೇ ಅರಿವಿ. ಏಳು" ಎಂದಳು.

ಹೀಗೆ ನಾವು ಅರಿವೆ ನೋಡಲು ಹೋದೆವು. ಹುಡುಗಿ ತನ್ನ ತಾಯಿ ತಲೆ ಬಾಚುತ್ತಿದ್ದ ಹಣಿಗೆ ಹಿಡಿದು ಸುಮ್ಮನೆ ಕೂತಾಗ ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ನನ್ನ ಕಣ್ಣು ಒಣಗಿಯೇ ಇತ್ತು. ಆಮೇಲೆ ಆಕೆ ತಾಯಿಯ ಸೀರೆ ಉಟ್ಟು ಸಂತೆಗೆ ಹೋದಳು. ಕೊತ್ತಂಬರಿ ಆರಿಸುವಷ್ಟರಲ್ಲಿ ನೆರಿಗೆಗಳೆಲ್ಲ ಕೈಗೆ ಬಂದವು. ನಾನು ನಕ್ಕೆ. ದಾವಣಿಯ ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದಂಥ ನಗು. ಮನೆಗೆ ಬಂದ ಮೇಲೆ ಬಹಳ ನಾಚಿಕೆಯಾಯಿತು. ಅಳದ ಮಗಳು ಈಗ ನಗುವುದಕ್ಕೂ ಶುರು ಮಾಡಿದಳಲ್ಲ!

ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಒಲೆಯ ಮುಂದೆ ಕೂತು ಬಹಳ ಹೊತ್ತು ನೋಡಿ, "ಆ ಸಿನಿಮಾದ ಹುಡಿಗಿ ನಿನಕಿಂತ ಚಲೋ ಬಡೀತಿದ್ಳು" ಎಂದ.

"ಏನ್ ಚಲೋ? ಎಡಗೈಲೆ ಬಡೀತಿದ್ಳು ಆಕಿ!" ಎಂದು ರೇಗಿಬಿಟ್ಟೆ.

"ಎಡಗೈ ಅಲ್ಲ, ಬಲಗೈ."

"ಎಡಗೈ!"

ಪರದೆಯ ಹಿಂದೆ ಕೂತವರಿಗೆ ಬಲಗೈ ಎಡಗೈಯಾಗಿ ಕಾಣುತ್ತದೆ. ಮುಂದೆ ಕೂತವರಿಗೆ ಬಲಗೈ ಬಲಗೈಯೇ. ಗೇಟಿಗೆ ಹೋದ ಅಪ್ಪ ಕೂತದ್ದೆಲ್ಲಿ ಎಂಬುದು ನನಗೂ, ಮನೆಯಲ್ಲಿದ್ದ ಮಗಳು ಕೂತದ್ದೆಲ್ಲಿ ಎಂಬುದು ಅವನಿಗೂ ತಿಳಿದುಹೋಗಿತ್ತು.

"ನಿನ್ನ ನಗಿ ಕೇಳ್ದೆ" ಎಂದ ಅಪ್ಪ ಮೆಲ್ಲಗೆ. "ಥೇಟ್ ನಿಮ್ಮವ್ವಂದ."

ಐದು ತಿಂಗಳು ಬಾರದ ಅಳು ಆಗ ಬಂತು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಅವ್ವಾ ಅವ್ವಾ ಎಂದು ಅತ್ತೆ. ಅಂಗಳದಿಂದ ಓಡಿಬಂದ ಅಜ್ಜಿ ಅಪ್ಪನನ್ನೇ ಗದರಿಸಿದಳು: "ರೊಟ್ಟಿ ಚಂದ ಆಗಿಲ್ಲಂತ ತಾಯಿಲ್ಲದ ಕೂಸಿಗೆ ಅಳಸ್ತೀರೇನ್ರಿ?" ಅಪ್ಪ ತಲೆ ತಗ್ಗಿಸಿ, ತಪ್ಪಾಯಿತು ಎಂದ. ನಾನೂ ನಿಜ ಹೇಳಲು ಹೋಗಲಿಲ್ಲ. ಅಂದಿನಿಂದ ನನ್ನ ರೊಟ್ಟಿಗೆ ಹೆಸರಿಡುವ ಧೈರ್ಯವನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿಲ್ಲ. ಅದಕ್ಕೇ ಇರಬೇಕು, ಅವು ಇವತ್ತಿಗೂ ಸುಧಾರಿಸಿಲ್ಲ.