ಭೂಮಿ ಸರಿಸುವ ಟೀಚರು

ಎಲ್ಲೂ ಇಲ್ಲದ ಭೂಮಿ ಮಾಡಲು ಕೂತರೆ, ಇರುವ ಭೂಮಿಯ ಜನ ಸುಮ್ಮನೆ ಬಿಡುವುದಿಲ್ಲ. ಹೊನ್ನಾಳಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ನನಗೆ ಸಂಜೆಯ ಹುಚ್ಚೊಂದಿದೆ: ಕಂಪ್ಯೂಟರಿನಲ್ಲಿ ಕಾಲ್ಪನಿಕ ಗ್ರಹ ಹುಟ್ಟಿಸುವುದು. ಗುಂಡಿ ಒತ್ತಿದರೆ ನೆಲ ಮನಸ್ಸಿಗೆ ಬಂದ ಹಾಗೆ ಫಲಕಗಳಾಗಿ ಒಡೆಯುತ್ತದೆ. ಫಲಕಗಳು ತೇಲುತ್ತವೆ, ಡಿಕ್ಕಿಯಾದಲ್ಲಿ ಬೆಟ್ಟ ಏಳುತ್ತದೆ, ದೂರವಾದಲ್ಲಿ ಕಡಲು ತುಂಬುತ್ತದೆ. ಮೊದಮೊದಲು ಅಂಚುಗಳು ಒಡೆದ ಗಾಜಿನಂತೆ ನೆಟ್ಟಗೆ ಬರುತ್ತಿದ್ದವು. ಅವನ್ನು ಸೊಟ್ಟ ಮಾಡುವುದು ಕಲಿತ ಮೇಲೆ ಥೇಟ್ ನಿಜದ ಭೂಮಿ. ನೋಡುತ್ತಾ ನೋಡುತ್ತಾ ನಾನೂ ಎಲ್ಲೋ ತೇಲಿಹೋಗುತ್ತೇನೆ.

ಒಂದು ಸಮುದ್ರ

ಮಳೆ ಕಾಣದ ಜಗಳೂರು ಕಡೆಯ ಸೊಕ್ಕೆಯಿಂದ ದೊಡ್ಡಮ್ಮ ಬಂದಿದ್ದಳು. ಪರದೆಯ ತುಂಬ ನೀಲಿ ಕಂಡು ಕೇಳಿದಳು, "ಇಲ್ಲಿ ಜನ ಎಷ್ಟು ಅದಾರೆ?"

"ಯಾರೂ ಇಲ್ಲ ದೊಡ್ಡಮ್ಮ. ಸುಳ್ಳು ಗ್ರಹ ಇದು."

ಗಲ್ಲಕ್ಕೆ ಕೈಯಿಟ್ಟಳು. "ಜನಾನೇ ಇಲ್ಲದ ಕಡೆ ಇಷ್ಟು ನೀರು ಯಾಕವ್ವಾ? ಆ ಮೂಲೇದೊಂದು ಸಮುದ್ರ ನಮ್ಮ ಸೊಕ್ಕೆ ಕಡೆ ತಳ್ಳು. ಉಪ್ಪು ನಾವೇ ಸೋಸ್ಕೊಂತೀವಿ."

ಬದು

ಚನ್ನಗಿರಿ ಬಸ್ಸಿನಲ್ಲಿ ಮೊಬೈಲಿನಲ್ಲೇ ಒಂದು ಗ್ರಹ ಓಡಿಸುತ್ತಿದ್ದೆ. ಪಕ್ಕದಲ್ಲಿದ್ದ ಕೆರೆಬಿಳಚಿಯ ಪರಿಚಯದ ರೈತರೊಬ್ಬರು ಬಗ್ಗಿ ನೋಡಿದರು. "ನೆಲ ತಾನಾಗೇ ಸರೀತೈತಾ ಟೀಚರ್?"

"ಹೌದ್ರೀ, ನಮ್ಮ ಭೂಮೀನೂ ಸರಿಯುತ್ತೆ."

ಅವರ ಮುಖ ಅರಳಿತು. "ಹಂಗಾದ್ರೆ ಒಂದು ಉಪಕಾರ ಮಾಡ್ರಿ. ನಮ್ಮ ಬದು ವರ್ಷಾ ವರ್ಷಾ ಪಕ್ಕದವರ ಹೊಲದಾಗೆ ಹೋಗ್ತೈತೆ. ಭೂಮಿನೇ ಸರಿಸೈತೆ ಅಂತ ಪಂಚಾಯ್ತಿ ಮುಂದೆ ಒಂದು ಮಾತು ಹೇಳ್ರಿ."

"ಭೂಮಿ ವರ್ಷಕ್ಕೆ ಸರಿಯೋದು ಉಗುರು ಬೆಳೆದಷ್ಟು ಮಾತ್ರ. ನಿಮ್ಮ ಬದು?"

"ಒಂದು ಮಾರು." ಸ್ವಲ್ಪ ಯೋಚಿಸಿ ಸೇರಿಸಿದರು, "ನಮ್ದು ಚುರುಕು ಭೂಮಿ ರೀ."

ನೋಡಲು ಬಂದವರು

ನ್ಯಾಮತಿಯಿಂದ ನನ್ನನ್ನು ನೋಡಲು ಬಂದರು. ಹುಡುಗ ದನದ ಡಾಕ್ಟರು. ಫೋಟೋದಲ್ಲೇ ನನಗೆ ಹಿಡಿಸಿದ್ದ. "ಗ್ರಹದ ಮಾತೆತ್ತಿ ಈ ಸಂಬಂಧ ಕೆಡಿಸಬ್ಯಾಡ" ಎಂದು ಅಮ್ಮ ಮೊದಲೇ ಗದರಿದ್ದಳು. ಆದರೆ ಹುಡುಗನ ತಂದೆ "ಹವ್ಯಾಸ ಏನಮ್ಮಾ?" ಎಂದಾಗ ಬಾಯಿ ಜಾರಿತು.

ಅವರು ಕಾಫಿ ಕೆಳಗಿಟ್ಟರು. "ಇರೋ ಒಂಬತ್ತು ಗ್ರಹದ ಕಾಟಾನೇ ತಡೆಯಾಕಾಗ್ತಿಲ್ಲ, ನೀವು ಬೇರೆ ಹೊಸವು ಮಾಡ್ತೀರಾ?"

ಅಮ್ಮ ಕಣ್ಣುಮುಚ್ಚಿಕೊಂಡಳು. ಹುಡುಗ ಮಾತ್ರ "ನೋಡಬಹುದಾ?" ಎಂದ.

ಲ್ಯಾಪ್‌ಟಾಪ್ ತೆರೆದೆ. ನೀಲಿಯ ನಡುವೆ ಎರಡು ಹಸಿರು ನೆಲಗಳು ಒಂದರ ಕಡೆಗೊಂದು ನಿಧಾನ ಸರಿಯುತ್ತಿದ್ದವು. ಅವನು ಮೆಲ್ಲಗೆ ಕೇಳಿದ, "ಇವೆರಡೂ ಯಾವಾಗ ಸೇರ್ತಾವೆ?"

ನಾನೂ ಅಷ್ಟೇ ಮೆಲ್ಲಗೆ ಹೇಳಿದೆ, "ಇನ್ನೂ ಕೋಟಿ ವರ್ಷ ಬೇಕು."

ಅಡುಗೆಮನೆ ನೋಡಿಕೊಂಡು ಆಗತಾನೇ ಬಂದ ಅವನ ತಾಯಿಗೆ ಈ ಕೊನೆಯ ಮಾತಷ್ಟೇ ಕೇಳಿಸಿ ಹೌಹಾರಿದರು. "ಅಷ್ಟು ದಿನ ಕಾಯಾಕೆ ನಮ್ಮ ಕೈಲಾಗಲ್ಲ ರೀ! ಬರೋ ಮಾಘದಾಗೇ ಮದುವೆ ಮಾಡಿ ಮುಗಿಸಾಣ!"